ಫೋನ್ ತುಂಬಿದೆಯಾ? ಕಂಪನಿ ಆ್ಯಪ್‌ಗಳಿಗೆ ಕೈ ಹಾಕುವ ಮುನ್ನ

ಸಾಗರದ ಚಿಕ್ಕಮ್ಮನಿಗೆ ಮಗ ಅಮೆರಿಕದಿಂದ ಆಂಡ್ರಾಯ್ಡ್ ಫೋನ್ ತಂದಿದ್ದ. ಬೇರೆ ಕಂಪನಿಯ ಸಿಮ್ ನಡೆಯದಂತೆ ಹಾಕಿದ್ದ ಲಾಕ್ ತೆಗೆಸಿದ್ದ, ಸಿಮ್ಮೂ ಇಲ್ಲಿನದೇ. ಆದರೂ ಆನ್ ಮಾಡಿದ ಕೂಡಲೇ ಬರುವುದು ಅಲ್ಲಿನ ಮೊಬೈಲ್ ಸೇವಾ ಕಂಪನಿಯ ಲೋಗೊ. ಈಚೆಗೆ ‘ಸ್ಟೋರೇಜ್ ತುಂಬಿದೆ’ ಎಂಬ ಗೊಣಗಾಟ ಬೇರೆ ಶುರುವಾಯಿತು. ‘ನಾನೇನೂ ಹಾಕೇ ಇಲ್ವಲ್ಲೋ’ ಎಂದರು ಚಿಕ್ಕಮ್ಮ. ನೋಡಿದರೆ ಆ ಕಂಪನಿಯ ಐದು ಆ್ಯಪ್‌ಗಳು ಕೂತಿದ್ದವು. ಒಂದಕ್ಕೂ ಅನ್‌ಇನ್‌ಸ್ಟಾಲ್ ಬಟನ್ ಇಲ್ಲ.

ಮೊದಲು ಯಾವ ಮೆಮೊರಿ ಸಾಲುತ್ತಿಲ್ಲ ಎಂದು ತಿಳಿದುಕೊಳ್ಳಿ. ನಾವು ಎರಡನ್ನೂ ಸುಮ್ನೆ ‘ಮೆಮೊರಿ’ ಅಂದುಬಿಡುತ್ತೇವೆ. ರ‍್ಯಾಮ್ ಎಂದರೆ ಆ ಹೊತ್ತಿನ ಕೆಲಸ ನಡೆಯುವ ಅಡುಗೆಕಟ್ಟೆ, ಸ್ಟೋರೇಜ್ ಎಂದರೆ ಅಟ್ಟ. ಆ್ಯಪ್‌ಗಳು ತಾವಾಗಿ ಮುಚ್ಚಿಕೊಳ್ಳುತ್ತಿದ್ದರೆ ಕಟ್ಟೆ ಚಿಕ್ಕದಾಗಿರಬಹುದು. ಫೋಟೊ ಸೇವ್ ಆಗುತ್ತಿಲ್ಲ, ಅಪ್‌ಡೇಟ್ ಇಳಿಯುತ್ತಿಲ್ಲ ಎಂದರೆ ಅಟ್ಟ ತುಂಬಿದೆ. ಚಿಕ್ಕಮ್ಮನದು ಎರಡನೆಯದು.

ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆರೆಯಿರಿ. ಯಾವುದು ಎಷ್ಟು ಜಾಗ ತಿಂದಿದೆ ಎಂಬ ಲೆಕ್ಕ ಅಲ್ಲೇ ಇರುತ್ತದೆ. ಸಾಮಾನ್ಯವಾಗಿ ದೊಡ್ಡ ಪಾಲು ವಾಟ್ಸ್‌ಆ್ಯಪ್‌ನದು. ಅದರ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಆ್ಯಂಡ್ ಡೇಟಾ’ಗೆ ಹೋಗಿ ‘ಮ್ಯಾನೇಜ್ ಸ್ಟೋರೇಜ್’ ಒತ್ತಿ. 5 ಎಂಬಿ ಮೀರಿದ ಫೈಲ್‌ಗಳು, ಹಲವು ಸಲ ಫಾರ್ವರ್ಡ್ ಆದವು ಬೇರೆ ಬೇರೆಯಾಗಿ ಕಾಣುತ್ತವೆ. ಆರಿಸಿ ಅಳಿಸಿ. ಗ್ಯಾಲರಿಯ ಕಸದಬುಟ್ಟಿಯನ್ನೂ ಖಾಲಿ ಮಾಡಿ. ಅಲ್ಲಿರುವ ಫೋಟೊಗಳೂ ಜಾಗ ಹಿಡಿದೇ ಇರುತ್ತವೆ.

ಒಂದು ಎಚ್ಚರ. ಫೋನಿನ ಆ್ಯಪ್ಸ್ ಪಟ್ಟಿಯಲ್ಲಿ ವಾಟ್ಸ್‌ಆ್ಯಪ್ ತೆರೆದು ‘ಕ್ಲಿಯರ್ ಕ್ಯಾಶ್’ ಒತ್ತಿದರೆ ನಷ್ಟವಿಲ್ಲ, ಹೋಗುವುದು ತಾತ್ಕಾಲಿಕ ಫೈಲ್‌ಗಳಷ್ಟೇ. ಪಕ್ಕದಲ್ಲೇ ಇರುವ ‘ಕ್ಲಿಯರ್ ಡೇಟಾ’ ಒತ್ತಿದಿರೋ, ಬ್ಯಾಕಪ್ ಇಲ್ಲದ ಚಾಟ್‌ಗಳೆಲ್ಲ ಹೋದಂತೆಯೇ.

ಇನ್ನು ಕಂಪನಿ ಆ್ಯಪ್‌ಗಳು. ಇಲ್ಲೇ ಜನ ಎಡವುವುದು. ಇವು ಸಾಮಾನ್ಯವಾಗಿ ಫೋನಿನ ಸಿಸ್ಟಮ್ ಭಾಗದಲ್ಲಿರುತ್ತವೆ. ಆ ಜಾಗ ಮೊದಲಿನಿಂದಲೂ ನಿಮ್ಮದಲ್ಲ, ಹಾಗಾಗಿ ಅಲ್ಲಿಂದ ಏನೂ ವಾಪಸ್ ಸಿಗದು. ಆದರೆ ಅವುಗಳ ಅಪ್‌ಡೇಟ್‌ಗಳು, ಕೂಡಿಟ್ಟ ಡೇಟಾ ನಿಮ್ಮ ಪಾಲಿನ ಅಟ್ಟಕ್ಕೇ ಬಂದು ಬೀಳುತ್ತವೆ. ಮನೆ ಮಾಲೀಕನ ಬೀರು ಅವನ ಕೋಣೆಯಲ್ಲಿದ್ದು, ಬಟ್ಟೆ ಮಾತ್ರ ನಿಮ್ಮ ಹಾಲ್‌ನಲ್ಲಿ ಹರಡಿದ ಹಾಗೆ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಅಂಥ ಆ್ಯಪ್ ತೆರೆದು ‘ಡಿಸೇಬಲ್’ ಒತ್ತಿ. ಅಪ್‌ಡೇಟ್ ತೆಗೆದುಹಾಕಲೇ ಎಂದು ಕೇಳಿದರೆ ಹೂಂ ಅನ್ನಿ. ಜಾಗವೂ ಸಿಗುತ್ತದೆ, ಆ್ಯಪ್ ತೆರೆಮರೆಯಲ್ಲಿ ಓಡುವುದೂ ನಿಲ್ಲುತ್ತದೆ. ಈ ಸೌಲಭ್ಯ ಬಂದಿದ್ದು 2011ರ ಆಂಡ್ರಾಯ್ಡ್ 4.0ರಲ್ಲಿ.

ಅದಕ್ಕೂ ಮೊದಲಿನ ಪಾಡು ಕೇಳಬೇಡಿ. 2010ರ ಎಚ್‌ಟಿಸಿ ಡಿಸೈರ್ ಫೋನಿನಲ್ಲಿ ಇದ್ದದ್ದೇ 512 ಎಂಬಿ ಸ್ಟೋರೇಜ್. ಬಳಸುವವರ ಆ್ಯಪ್‌ಗಳಿಗೆ ಉಳಿಯುತ್ತಿದ್ದದ್ದು ಸುಮಾರು 150 ಎಂಬಿ. ಬ್ರಿಟನ್ನಿನಲ್ಲಿ ಮೊಬೈಲ್ ಸೇವಾ ಕಂಪನಿಗಳು ಅದೇ ಫೋನಿಗೆ ತಮ್ಮ ಲೋಗೊ, ಆ್ಯಪ್ ತುಂಬಿ ಮಾರಿದವು. ಕಂಪನಿ ಮುದ್ರೆ ಇಲ್ಲದ ಫೋನುಗಳಿಗೆ ಆಂಡ್ರಾಯ್ಡ್ 2.2 ಮೊದಲು ಬಂತು, ಉಳಿದವರು ಕಾಯಬೇಕಾಯಿತು. ಆ್ಯಪ್‌ಗಳನ್ನು ಮೆಮೊರಿ ಕಾರ್ಡ್‌ಗೆ ಸಾಗಿಸುವ ದಾರಿ ತೆರೆದದ್ದು ಅದೇ 2.2, ಜಾಗ ಸಾಲದವರೇ ಕಾಯುತ್ತ ಕೂತರು! 2011ರ ಜೂನ್‌ನಲ್ಲಿ ಎಚ್‌ಟಿಸಿ ಬ್ರಿಟನ್ ಶಾಖೆ, ಮುಂದಿನ ಆಂಡ್ರಾಯ್ಡ್‌ಗೆ ಡಿಸೈರ್‌ನ ಮೆಮೊರಿ ಸಾಲದು ಎಂದು ಕೈಚೆಲ್ಲಿತು. ಜನ ರೇಗಿದ ಮೇಲೆ ಮಾತು ಬದಲಿಸಿತು.

‘ಡಿಸೇಬಲ್’ ಮಸುಕಾಗಿದ್ದು ಒತ್ತಲಾಗದಿದ್ದರೆ? ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಇದೆಯಾ ನೋಡಿ. ಇದ್ದರೆ ಅದನ್ನಾದರೂ ಒತ್ತಿ, ಪ್ಲೇ ಸ್ಟೋರ್‌ನಲ್ಲಿ ಆ ಆ್ಯಪ್‌ನ ಆಟೊ ಅಪ್‌ಡೇಟ್ ನಿಲ್ಲಿಸಿ. ಫ್ಯಾಕ್ಟರಿ ರೀಸೆಟ್‌ನಿಂದ ಕಂಪನಿ ಸಾಫ್ಟ್‌ವೇರ್ ಹೋಗುವುದಿಲ್ಲ, ನಿಮ್ಮ ಫೋಟೊಗಳೇ ಹೋಗುವುದು. ಇಂಟರ್‌ನೆಟ್‌ನಿಂದ ಬೇರೆ ಸಾಫ್ಟ್‌ವೇರ್ ಇಳಿಸಿ ತುಂಬುವ ಸಾಹಸವೂ ಬೇಡ. ಮಾಡೆಲ್ ಒಂದಕ್ಷರ ತಪ್ಪಿದರೂ ಫೋನ್ ಆನೇ ಆಗದೆ ಇಟ್ಟಿಗೆಯಾಗಬಹುದು. ಸರಿಹೋದರೂ ಎಷ್ಟೋ ಬ್ಯಾಂಕ್ ಆ್ಯಪ್‌ಗಳು ಅಂಥ ಫೋನಿನಲ್ಲಿ ತೆರೆಯಲು ಒಪ್ಪುವುದಿಲ್ಲ.

ಚಿಕ್ಕಮ್ಮನ ಐದು ಆ್ಯಪ್ ಡಿಸೇಬಲ್ ಮಾಡಿದಾಗ ಸಿಕ್ಕಿದ್ದು ಸುಮಾರು 600 ಎಂಬಿ. ‘ಶುಭೋದಯ’ದ ಗುಲಾಬಿ ಹೂಗಳು, ಭಜನೆ ವಿಡಿಯೊಗಳನ್ನು ತೆಗೆದಾಗ ಸಿಕ್ಕಿದ್ದು ಏಳು ಜಿಬಿ. ಅದಕ್ಕೇ ಅವರ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊಗಳ ಆಟೊ ಡೌನ್‌ಲೋಡ್ ಬಂದ್ ಮಾಡಿ ಬಂದೆ. ಆ ಲೋಗೊ ಮಾತ್ರ ಇನ್ನೂ ಬರುತ್ತಿದೆ. ‘ಇರ್ಲಿ ಬಿಡೋ, ಚೆನ್ನಾಗಿದೆ’ ಅಂದರು.