ಒದ್ದೆ ಸುಣ್ಣದ ಮೇಲೆ ಒಂದು ಸೆಮಿಸ್ಟರ್

ಮಂಗಳೂರಿನ ಪದವಿ ಕಾಲೇಜೊಂದರಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ, ಬಿ.ಕಾಂ. ಮತ್ತು ಬಿ.ಸಿ.ಎ. ಮೊದಲ ವರ್ಷದವರಿಗೆ ಮಾನವಿಕ ವಿಷಯಗಳನ್ನು ಪರಿಚಯಿಸುವ ಪತ್ರಿಕೆಯೊಂದು ನನ್ನ ಪಾಲಿಗೆ ಬಂತು. ಸಾಹಿತ್ಯ, ತತ್ತ್ವಶಾಸ್ತ್ರ, ಸಂಗೀತಗಳ ಜೊತೆಗೆ ಅದರಲ್ಲಿ ಕಲೆಯ ಬಗ್ಗೆ ಒಂದು ಘಟಕವಿತ್ತು. ಮೊದಲ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಪರದೆಯ ಮೇಲೆ ಚಿತ್ರ ತೋರಿಸಿದೆ, ಕಾಲ, ಶೈಲಿ, ಕಲಾವಿದನ ಹೆಸರು ಹೇಳಿ ನೋಟ್ಸ್ ಬರೆಸಿದೆ. ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದಲು ಕುಳಿತಾಗ, ಒಂದರ ನಂತರ ಒಂದರಲ್ಲಿ ‘ಈ ಚಿತ್ರವು ನೋಡಲು ಬಹಳ ಸುಂದರವಾಗಿದ್ದು, ಕಲಾವಿದರು ತುಂಬಾ ಶ್ರಮ ಪಟ್ಟಿದ್ದಾರೆ’ ಎಂಬ ವಾಕ್ಯವೇ ಎದುರಾಯಿತು. ಮಕ್ಕಳನ್ನು ದೂರುವಂತಿರಲಿಲ್ಲ, ಏಕೆಂದರೆ ನಾನು ಹೇಳಿಕೊಟ್ಟದ್ದರಲ್ಲಿ ಅದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ನನಗೂ ಅಷ್ಟೇ ಗೊತ್ತಿತ್ತು ಎನ್ನುವುದು ಇನ್ನೂ ನಿಜವಾದ ಮಾತು. ಹೈಸ್ಕೂಲು ಬಿಟ್ಟ ಮೇಲೆ ನಾನು ಕುಂಚ ಹಿಡಿದವಳಲ್ಲ.

ಮರುವರ್ಷ ತರಗತಿಯ ಕೋಣೆಯಿಂದ ಹೊರಗೆ ಹೊರಟೆವು. ಬಾವುಟಗುಡ್ಡೆಯ ಮೇಲಿರುವ ಸಂತ ಅಲೋಶಿಯಸ್ ಚಾಪೆಲ್ ನಮಗೆ ಬಸ್ಸಿನಲ್ಲಿ ಹತ್ತು ನಿಮಿಷದ ದಾರಿ. ಇಟಲಿಯ ಬೆರ್ಗಾಮೊ ಪ್ರದೇಶದಿಂದ ಬಂದ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರ ನಡುವೆ ಅದರ ಗೋಡೆಗಳನ್ನೂ ಮೇಲ್ಛಾವಣಿಯನ್ನೂ ಚಿತ್ರಗಳಿಂದ ತುಂಬಿದರು. ಗೋಡೆಗಳಲ್ಲಿ ಫ್ರೆಸ್ಕೊ, ಅಂದರೆ ಗಾರೆಯ ಮೇಲೆಯೇ ಬರೆದ ಚಿತ್ರ, ಇದೆ, ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಬರೆದು ಕೂರಿಸಿದ ಚಿತ್ರಗಳೂ ಇವೆ. ನನ್ನ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿ ಅದನ್ನು ಮೊದಲೇ ನೋಡಿದ್ದರು; ನೆಂಟರು ಬಂದಾಗ ಪಿಲಿಕುಳ, ಪಣಂಬೂರು ಬೀಚು, ಚಾಪೆಲ್ ಎಂದು ಒಂದೇ ದಿನದಲ್ಲಿ ಸುತ್ತಿಸಿ ಮುಗಿಸುವ ಪಟ್ಟಿಯಲ್ಲಿ ಅದೂ ಒಂದು. ಮೊಬೈಲನ್ನು ಚೀಲದೊಳಗೆ ಇಟ್ಟು, ಯಾವುದಾದರೂ ಒಂದೇ ಚಿತ್ರದ ಎದುರು ಇಪ್ಪತ್ತು ನಿಮಿಷ ಕುಳಿತುಕೊಳ್ಳಬೇಕು, ಕಂಡದ್ದನ್ನು ಮಾತ್ರ ಬರೆಯಬೇಕು ಎಂದು ಹೇಳಿದ್ದೆ. ಏಳನೆಯ ನಿಮಿಷಕ್ಕೆ ಪಿಸುಮಾತು ಶುರುವಾಯಿತು. ಹೊರಬಂದ ಮೇಲೆ ಬಂದ ಪ್ರಶ್ನೆಗಳು ಎರಡೇ: ಇದಕ್ಕೆಲ್ಲ ಎಷ್ಟು ಖರ್ಚಾಗಿರಬಹುದು, ಮತ್ತು ಇದು ಪರೀಕ್ಷೆಗೆ ಬರುತ್ತದೆಯೇ.

ಆದರೂ ಕಂಡದ್ದನ್ನು ಮಾತ್ರ ಬರೆಯುವ ಅಭ್ಯಾಸವನ್ನು ನಾನು ಬಿಡಲಿಲ್ಲ. ಅದರ ಫಲ ಕದ್ರಿ ದೇವಸ್ಥಾನದಲ್ಲಿ ಸಿಕ್ಕಿತು. ಅಲ್ಲಿಯ ಕಂಚಿನ ಲೋಕೇಶ್ವರನ ಮುಂದೆ ನಿಂತಾಗ ಒಬ್ಬ ಹುಡುಗ ಮುಖಗಳನ್ನು ಎಣಿಸಿ ಕೂಡಲೇ ‘ಬ್ರಹ್ಮ’ ಎಂದು ಬರೆದುಕೊಂಡ. ಹೆಸರನ್ನು ಹೊಡೆದುಹಾಕಿ ಮತ್ತೆ ನೋಡಲು ಹೇಳಿದೆ. ಮೂರು ಮುಖ, ಆರು ಕೈ, ಕುಳಿತ ಭಂಗಿ ಎಂದು ಒಂದೊಂದಾಗಿ ಬರೆಯುತ್ತ ಹೋದವನು, ಬೌದ್ಧ ಮೂರ್ತಿಯ ಬಗ್ಗೆ ನಾನು ಏನೂ ಹೇಳುವ ಮೊದಲೇ, ‘ಮೇಡಂ, ಇದು ನಮ್ಮ ಊರಿನ ಬೇರೆ ದೇವರ ಹಾಗೆ ಇಲ್ಲ’ ಎಂದ. ಪೀಠದ ಶಾಸನದ ಪ್ರಕಾರ ಇದನ್ನು ಸ್ಥಾಪಿಸಿದವನು ಆಳುಪ ದೊರೆ ಕುಂದವರ್ಮ, ಕಾಲ ಕ್ರಿ.ಶ. 968 ಎನ್ನುವುದನ್ನು ಆಮೇಲೆ ಹೇಳಿದೆ. ಆ ಇಸವಿಯನ್ನು ಆ ವರ್ಷ ಪರೀಕ್ಷೆಯಲ್ಲಿ ಯಾರೂ ತಪ್ಪಾಗಿ ಬರೆಯಲಿಲ್ಲ. ಹೆಸರು ಮೊದಲು ಸಿಕ್ಕಿಬಿಟ್ಟರೆ ಕಣ್ಣು ಕೆಲಸ ನಿಲ್ಲಿಸುತ್ತದೆ ಎನ್ನುವುದು ಇತಿಹಾಸದವಳಾದ ನನಗೆ ತುಸು ಕಹಿಯಾದ ಪಾಠ. ನನ್ನ ವೃತ್ತಿಯೇ ಹೆಸರು ಮತ್ತು ಇಸವಿಗಳನ್ನು ಮೊದಲು ಕೊಡುವುದು.

ಆದರೆ ನೋಡುವುದಕ್ಕೂ ಒಂದು ಮಿತಿ ಇದೆ. ಫ್ರೆಸ್ಕೊ ಎಂದರೆ ಒದ್ದೆ ಗಾರೆಯ ಮೇಲೆ ಬರೆಯುವ ಚಿತ್ರ ಎಂದು ಮೂರು ವರ್ಷ ಬಾಯಿಪಾಠದಂತೆ ಹೇಳಿದ್ದ ನನಗೆ, ‘ಒದ್ದೆ ಎಂದರೆ ಎಷ್ಟು ಒದ್ದೆ?’ ಎಂದು ಒಬ್ಬಳು ಕೇಳಿದಾಗ ಉತ್ತರ ಇರಲಿಲ್ಲ. ಮಾಡಿಯೇ ನೋಡೋಣ ಎಂದು ನಿರ್ಧಾರವಾದದ್ದು ಅಂದು.

ಗೋಡೆಯನ್ನು ನಮಗೆ ಯಾರೂ ಕೊಡುವುದಿಲ್ಲ ಎನ್ನುವುದು ಖಚಿತವಿತ್ತು. ಹಾಗಾಗಿ ಕೆಡವಿದ ಮನೆಯೊಂದರಿಂದ ಹಳೆಯ ಹಂಚುಗಳನ್ನು ತಂದೆವು. 1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಕಾರ್ಖಾನೆ ತೆರೆದಂದಿನಿಂದ ಈ ಊರಿನ ಹೆಸರನ್ನೇ ಹೊತ್ತುಕೊಂಡಿರುವ ಹಂಚು ಅದು. ಅದರ ಒಳಮೈಯಲ್ಲಿರುವ ಏಣುಗಳು ಗಾರೆ ಕಚ್ಚಿ ಹಿಡಿಯಲು ಹೇಳಿ ಮಾಡಿಸಿದಂತಿವೆ. ಸುಡುಸುಣ್ಣಕ್ಕೆ ನೀರು ಹಾಕಿ ಅರಳಿಸುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಬಿಡಲಿಲ್ಲ. ಅದು ಕುದಿಯುತ್ತದೆ, ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಅರಳಿದ ಸುಣ್ಣವನ್ನೇ ಕೊಂಡು ತಂದು ಮೂರು ವಾರ ಬಕೆಟ್ಟಿನಲ್ಲಿ ನೀರು ನಿಲ್ಲಿಸಿ ಇಟ್ಟಾಗ ಅದು ಬೆಣ್ಣೆಯ ಹದಕ್ಕೆ ಬಂತು. ಗಾರೆ ಕಲಸುವಾಗ ಎಲ್ಲರೂ ಕೈಗವಸು ಹಾಕಿಕೊಳ್ಳಬೇಕು ಎಂಬ ನಿಯಮವನ್ನು ನಾನೇ ಮೊದಲ ದಿನ ಮುರಿದೆ, ಸಂಜೆಯವರೆಗೆ ಬೆರಳುಗಳು ಉರಿದವು.

ಮಾಡುವ ಕ್ರಮ ಹೀಗಿತ್ತು. ಒಣ ಹಂಚು ನೀರನ್ನು ಗಟಗಟ ಕುಡಿಯುತ್ತದೆ, ಆದ್ದರಿಂದ ಅದನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಜರಡಿ ಹಿಡಿದ ಹೊಳೆ ಮರಳು ಸೇರಿಸಿದ ಒರಟು ಗಾರೆಯನ್ನು ಮೊದಲು ಬಳಿದು, ಅದು ಬಿಗಿಯಾದ ಮೇಲೆ ಸಮಪಾಲಿನ ನಯವಾದ ಗಾರೆಯನ್ನು ತೆಳ್ಳಗೆ ಎಳೆಯಬೇಕು. ಬಣ್ಣವೆಂದರೆ ನೀರಿನಲ್ಲಿ ಅರೆದ ಮಣ್ಣು ಮಾತ್ರ: ಕೆಮ್ಮಣ್ಣು, ಹಳದಿ ಮಣ್ಣು, ಇದ್ದಿಲ ಪುಡಿ. ಅಂಟು ಬೇಕಿಲ್ಲ. ಗಾರೆಯಲ್ಲಿರುವ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಕಲ್ಲಾಗುವಾಗ ಬಣ್ಣದ ಕಣಗಳನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ. ಬಿ.ಸಿ.ಎ.ಯ ಹುಡುಗಿಯೊಬ್ಬಳು ಪಿ.ಯು.ಸಿ.ಯಲ್ಲಿ ಕಲಿತ ರಸಾಯನಶಾಸ್ತ್ರದ ಸಮೀಕರಣವನ್ನು ತಾನಾಗಿಯೇ ಬೋರ್ಡಿನ ಮೇಲೆ ಬರೆದಳು, ನಾನು ಅದನ್ನು ಅವಳಿಂದಲೇ ನಕಲು ಮಾಡಿಕೊಂಡೆ.

ಎಷ್ಟು ಒದ್ದೆ ಎಂಬ ಪ್ರಶ್ನೆಗೆ ಉತ್ತರ ಬೆರಳ ತುದಿಯಲ್ಲಿದೆ. ನಯಗಾರೆ ಎಳೆದ ಕೂಡಲೇ ಕುಂಚ ಇಟ್ಟರೆ ಗಾರೆಯೇ ಎದ್ದು ಬಂದು ಬಣ್ಣ ಕೆಸರಾಗುತ್ತದೆ. ಮುಟ್ಟಿದರೆ ತಣ್ಣಗಿರಬೇಕು, ಬೆರಳಿಗೆ ಬಿಳುಪು ಅಂಟಬಾರದು. ಆ ಹದದಲ್ಲಿ ಗಾರೆ ಬಣ್ಣವನ್ನು ತಾನೇ ಒಳಗೆಳೆದುಕೊಳ್ಳುತ್ತದೆ, ಕುಂಚದ ಗೆರೆ ನೋಡುನೋಡುತ್ತಿದ್ದಂತೆ ಮಂಕಾಗುತ್ತದೆ. ಹದ ಮೀರಿದ ಮೇಲೆ ಹಚ್ಚಿದ ಬಣ್ಣ ಮೇಲೆಯೇ ಕುಳಿತು ಮರುದಿನ ಕೈಗೆ ಪುಡಿಯಾಗಿ ಬರುತ್ತದೆ. ನಾವು ಜುಲೈ ತಿಂಗಳಲ್ಲಿ ಶುರು ಮಾಡಿದ್ದೆವು. ಹೊರಗೆ ಮಳೆ ಸುರಿಯುತ್ತಿದ್ದುದರಿಂದ ಬೆಳಿಗ್ಗೆ ಎಳೆದ ಗಾರೆ ಸಂಜೆಯಾದರೂ ಹಸಿಯಾಗಿಯೇ ಇರುತ್ತಿತ್ತು. ಯಾರಿಗೂ ಅವಸರವಿರಲಿಲ್ಲ, ಊಟಕ್ಕೆ ಹೋಗಿ ಬಂದು ಮುಂದುವರಿಸುತ್ತಿದ್ದರು. ಅದೇ ಕೆಲಸವನ್ನು ಇನ್ನೊಂದು ತಂಡಕ್ಕೆ ಫೆಬ್ರವರಿಯಲ್ಲಿ ಮಾಡಿಸಿದಾಗ ಎರಡು ಗಂಟೆಯೊಳಗೆ ಹದ ತಪ್ಪಿತು, ಮುಖ ಬರೆದು ಮುಗಿಸಿದವರಿಗೆ ಕಿವಿ ಬರೆಯಲು ಸಮಯ ಸಾಲಲಿಲ್ಲ. ಇಟಲಿಯ ಚಿತ್ರಕಾರರು ಒಂದು ದಿನಕ್ಕೆ ಬೇಕಾದಷ್ಟೇ ಗಾರೆ ಎಳೆದುಕೊಂಡು, ಅದಕ್ಕೆ ‘ಜೋರ್ನಾತ’, ಅಂದರೆ ಒಂದು ದಿನದ ಕೆಲಸ, ಎಂಬ ಹೆಸರಿಟ್ಟುಕೊಂಡದ್ದು ಯಾಕೆ ಎಂದು ವಿವರಿಸುವ ಶ್ರಮ ನನಗೆ ಆ ಫೆಬ್ರವರಿಯಲ್ಲಿ ಉಳಿಯಿತು.

ಅರಶಿನದ ಕಥೆಯನ್ನು ಇಲ್ಲಿ ಹೇಳಲೇಬೇಕು. ಹಳದಿ ಮಣ್ಣು ಮುಗಿದುಹೋಗಿತ್ತು. ಅಡ್ಯನಡ್ಕ ಕಡೆಯಿಂದ ಬರುವ ಹುಡುಗನೊಬ್ಬ ಮನೆಯಲ್ಲೇ ಬೆಳೆದ ಅರಶಿನವನ್ನು ಪುಡಿ ಮಾಡಿ ತಂದಿದ್ದ. ಭತ್ತದ ಗದ್ದೆ ಬರೆಯುವುದು ಅವನ ಯೋಜನೆ. ಕುಂಚವನ್ನು ಅದ್ದಿ ಒಂದು ಗೆರೆ ಎಳೆದ, ಗೆರೆ ಕಣ್ಣೆದುರೇ ರಕ್ತಗೆಂಪಾಯಿತು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಹಿಂದಿನಿಂದ ಯಾರೋ, ‘ಕುರ್ದಿ ಆಯ್ತಲ್ಲ ಮಾರಾಯಾ!’ ಎಂದಾಗ ಕೋಣೆಯೇ ನಗೆಯಲ್ಲಿ ಮುಳುಗಿತು. ಅರಶಿನಕ್ಕೆ ಸುಣ್ಣ ಸೇರಿಸಿ ಕುರ್ದಿ ನೀರು ಮಾಡುವುದನ್ನು ಆ ಕೋಣೆಯಲ್ಲಿದ್ದ ಪ್ರತಿಯೊಬ್ಬರೂ ಮನೆಯಲ್ಲಿ, ದೈವಸ್ಥಾನದಲ್ಲಿ ನೋಡಿದವರೇ, ನಾನೂ ನೋಡಿದವಳೇ. ಆದರೂ ಯಾರಿಗೂ ಅದು ನೆನಪಾಗಿರಲಿಲ್ಲ, ಏಕೆಂದರೆ ಅದು ಪೂಜೆಯ ವಿಷಯ, ಇದು ತರಗತಿಯ ವಿಷಯ. ಹುಡುಗ ಧೃತಿಗೆಡಲಿಲ್ಲ. ಗದ್ದೆಯನ್ನು ಬಿಟ್ಟು ಸಂಜೆಯ ಆಕಾಶ ಬರೆದ. ಕೆಲವು ವಾರಗಳಲ್ಲಿ ಬೆಳಕಿಗೆ ಕೆಂಪು ಮಾಸಿ ಕಂದು ಛಾಯೆ ಉಳಿಯಿತು, ಪಕ್ಕದಲ್ಲಿದ್ದ ಕೆಮ್ಮಣ್ಣಿನ ಬಣ್ಣ ಮಾತ್ರ ಹಾಗೆಯೇ ಇತ್ತು. ಸುಣ್ಣದ ಜೊತೆ ಬಾಳುವ ಬಣ್ಣ ಯಾವುದು, ಬಾಳದ್ದು ಯಾವುದು ಎಂದು ನಾನು ಬರೆಸಿದ್ದ ಅರ್ಧ ಪುಟದ ಟಿಪ್ಪಣಿಯನ್ನು ಅಂದೇ ಕೈಬಿಟ್ಟೆ.

ಮುಂದಿನ ವಾರ ಒಬ್ಬ ವಿದ್ಯಾರ್ಥಿನಿ ತನ್ನ ದೊಡ್ಡಪ್ಪನನ್ನು ಕರೆತಂದಳು. ಅವರು ತೆಂಕುತಿಟ್ಟಿನ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರಗಳನ್ನು, ಮಾಡುತ್ತಿದ್ದವರು. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ, ಕಡ್ಡಿಯಿಂದ ಒಂದೊಂದೇ ಹನಿಯಾಗಿ ಮುಖದ ಮೇಲೆ ಚಿಟ್ಟಿ ಇಡುವುದನ್ನು ಅವರು ತಮ್ಮ ಅಂಗೈಯ ಹಿಂಭಾಗದಲ್ಲೇ ಮಾಡಿ ತೋರಿಸಿದರು. ‘ಸುಣ್ಣ ಜಾಸ್ತಿಯಾದರೆ ಚರ್ಮ ಉರಿಯುತ್ತದೆ ಮಗಾ, ಕಡಿಮೆಯಾದರೆ ಕುಣಿಯುವಾಗ ಉದುರುತ್ತದೆ’ ಎಂದರು. ನಮ್ಮ ಹಂಚುಗಳನ್ನು ನೋಡಿ, ಬೆರಳಿಂದ ಒಂದನ್ನು ಕೆರೆದು, ಮರಳು ಹೆಚ್ಚಾಯಿತು ಎಂದು ತೀರ್ಪು ಕೊಟ್ಟರು. ಅದು ಸರಿಯಾಗಿತ್ತು.

ಆಮೇಲೆ ಕಾವಿ ಕಲೆಯನ್ನೂ ಪ್ರಯತ್ನಿಸಿದೆವು. ಗೋವೆಯಿಂದ ಉಡುಪಿ ಸೀಮೆಯವರೆಗಿನ ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿ ಕಾಣಿಸುವ ಕೆಂಪು-ಬಿಳಿಯ ಚಿತ್ತಾರ ಅದು. ಬಿಳಿ ಗಾರೆಯ ಮೇಲೆ ಕೆಮ್ಮಣ್ಣು ಬೆರೆಸಿದ ಪದರ ಎಳೆದು, ಹಸಿಯಿರುವಾಗಲೇ ಮೊನಚಾದ ಕಬ್ಬಿಣದಿಂದ ಕೆರೆದು ಕೆಳಗಿನ ಬಿಳುಪನ್ನು ಹೊರತೆಗೆಯಬೇಕು. ಚಿತ್ರ ಬರೆಯಲು ಬರುವುದಿಲ್ಲ ಎಂದು ಹಿಂದೆ ಸರಿದವರಿಗೆಲ್ಲ ಇದು ಒಲಿಯಿತು. ಕೈವಾರವೊಂದಿದ್ದರೆ ಹೂವು ಬರುತ್ತದೆ. ನನ್ನ ಹಂಚು ತರಗತಿಯಲ್ಲೇ ಅತ್ಯಂತ ಕೆಟ್ಟದ್ದಾಗಿತ್ತು, ಮಕ್ಕಳಿಗೆ ಅದರಿಂದ ಎಷ್ಟು ಧೈರ್ಯ ಬಂತೆಂದರೆ ಈಗ ನಾನು ಪ್ರತಿ ವರ್ಷವೂ ಅವರೆದುರೇ ಕುಳಿತು ಮಾಡುತ್ತೇನೆ.

ಅಂಕ ಕೊಡುವ ವಿಚಾರದಲ್ಲಿ ನಾನು ಮೊದಲ ಸಲ ಎಡವಿದೆ. ಚೆನ್ನಾಗಿ ಕಂಡ ಹಂಚಿಗೆ ಹೆಚ್ಚು ಅಂಕ ಕೊಟ್ಟೆ. ಚಿಕ್ಕಂದಿನಿಂದ ಡ್ರಾಯಿಂಗ್ ಕ್ಲಾಸಿಗೆ ಹೋದವರೇ ಮುಂದೆ ಬಂದರು. ಅವರಲ್ಲೊಬ್ಬಳು ಕ್ಯಾಲೆಂಡರಿನ ದೃಶ್ಯವೊಂದನ್ನು ಹಾಗೆಯೇ ಇಳಿಸಿದ್ದಳು. ಮೂರು ಹಂಚು ಕೆಡಿಸಿ, ನಾಲ್ಕನೆಯದರಲ್ಲಿ ಒಂದು ತೆಂಗಿನ ಗರಿಯನ್ನು ಮಾತ್ರ ಸರಿಯಾಗಿ ಬರೆದ ಹುಡುಗನಿಗೆ ಅರ್ಧ ಅಂಕವೂ ಸಿಗಲಿಲ್ಲ. ಅವನು ಏನೂ ಕೇಳಲಿಲ್ಲ, ಆದರೆ ಮುಂದಿನ ತರಗತಿಗಳಲ್ಲಿ ಹಿಂದಿನ ಬೆಂಚಿಗೆ ಹೋದ. ಅದು ನನ್ನ ತಪ್ಪು. ಈಗ ಹಂಚಿಗೆ ಅಂಕವೇ ಇಲ್ಲ. ಜೊತೆಯಲ್ಲಿ ಕೊಡುವ ಎರಡು ಪುಟದ ಬರಹಕ್ಕೆ ಇದೆ: ಏನು ಮಾಡಹೊರಟೆ, ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು ಎಂದುಕೊಂಡೆ, ಮುಂದೆ ಏನನ್ನು ಬದಲಿಸಿದೆ. ಇಂಟರ್ನೆಟ್ಟಿನಿಂದ ಎತ್ತಿ ಬರೆಯಲಾಗದ ಬರಹ ಅದು, ತನ್ನ ಹಂಚಿನ ಬಿರುಕು ಎಲ್ಲಿಂದ ಎಲ್ಲಿಗೆ ಹೋಯಿತು ಎನ್ನುವುದು ಬೇರೆಲ್ಲಿಯೂ ಸಿಗುವುದಿಲ್ಲ. ವಿಭಾಗದ ಸಭೆಯಲ್ಲಿ ಹಿರಿಯರೊಬ್ಬರು ‘ಇದು ಮಾನವಿಕವೋ ಗಾರೆ ಕೆಲಸವೋ?’ ಎಂದು ಕೇಳಿದ್ದುಂಟು. ಎರಡೂ ಎಂದು ಹೇಳಬಹುದಿತ್ತು, ಆಗ ಹೊಳೆಯಲಿಲ್ಲ.

ಸೆಮಿಸ್ಟರ್ ಮುಗಿಯುವ ಮೊದಲು ಅದೇ ತಂಡವನ್ನು ಮತ್ತೊಮ್ಮೆ ಚಾಪೆಲ್ಲಿಗೆ ಕರೆದೊಯ್ದೆ. ಇಪ್ಪತ್ತು ನಿಮಿಷ ಎಂದು ಈ ಸಲ ಹೇಳಲಿಲ್ಲ. ಒಬ್ಬಳು ಗೋಡೆಗೆ ಓರೆಯಾಗಿ ನಿಂತು, ಕಿಟಕಿಯ ಬೆಳಕಿನಲ್ಲಿ ಗಾರೆಯ ಮೈಯನ್ನು ನೋಡುತ್ತಿದ್ದಳು. ಇನ್ನಿಬ್ಬರು ಯಾವುದು ಕ್ಯಾನ್ವಾಸು, ಯಾವುದು ಗೋಡೆ ಎಂದು ಪಂಥ ಕಟ್ಟಿದ್ದರು. ಅರಶಿನದ ಹುಡುಗ ಎಲ್ಲೆಲ್ಲಿ ಹಳದಿ ಇದೆ ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ತೆಂಗಿನ ಗರಿಯ ಹುಡುಗ ತಲೆ ಎತ್ತಿ ಬಹಳ ಹೊತ್ತು ಛಾವಣಿಯನ್ನೇ ನೋಡಿ, ನನ್ನ ಹತ್ತಿರ ಬಂದು, ‘ಮೇಡಂ, ಅವರು ಇಲ್ಲಿ ಕೆಲಸ ಮಾಡುವಾಗ ಮಳೆಗಾಲ ಎರಡು ಸಲ ಬಂದಿರಬೇಕಲ್ಲ?’ ಎಂದು ಕೇಳಿದ. ಹೊರಬಂದಾಗ ಮಧ್ಯಾಹ್ನ ಎರಡೂವರೆಗಿದ್ದ ತರಗತಿ ತಪ್ಪಿಹೋಗಿತ್ತು.