ಚೆಕ್‌ರೋಲ್‌ನ ಮುಖಗಳು: ಇದ್ದಿಲು, ಎಣ್ಣೆಬಣ್ಣ ಮತ್ತು ನಮ್ಮ ಮಳೆ

ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಎಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವನು. ಬೆಳಿಗ್ಗೆ ಆಳುಗಳೆಲ್ಲ ಕಣದ ಹತ್ತಿರ ಸೇರುತ್ತಾರೆ, ನಾನು ಚೆಕ್‌ರೋಲ್ ಎನ್ನುವ ಹಾಜರಿ ಪುಸ್ತಕ ಬಿಚ್ಚಿ ಹೆಸರು ಕೂಗುತ್ತೇನೆ. ಹದಿನಾರು ವರ್ಷದಿಂದ ಇದೇ ಕೆಲಸ. ಅದರಲ್ಲಿ ಮೊದಲ ಒಂಬತ್ತು ವರ್ಷ ನಾನು ಅವರ ಮುಖಗಳನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಯಾರು ಬಂದರು, ಯಾರು ಬರಲಿಲ್ಲ ಎಂದು ಗುರುತಿಸುವಷ್ಟು ಮಾತ್ರ ನೋಡುತ್ತಿದ್ದೆ. ನಮ್ಮ ಮೇಸ್ತ್ರಿಯ ಎಡಗಿವಿ ಬಲಗಿವಿಗಿಂತ ಅರ್ಧ ಬೆರಳು ಮೇಲಿದೆ ಎನ್ನುವುದು ಅವರ ಚಿತ್ರ ಬರೆಯಲು ಕೂತ ದಿನವೇ ನನಗೆ ಕಂಡದ್ದು.

ಚಿತ್ರ ಬರೆಯುವ ಹುಚ್ಚು ಶಾಲೆಯ ದಿನಗಳಿಂದಲೂ ಇತ್ತು. ಆದರೆ ಬರೆಯುತ್ತಿದ್ದುದೆಲ್ಲ ಫೋಟೊ ನೋಡಿಕೊಂಡು. ಫೋಟೊ ಮೇಲೆ ಚೌಕ ಎಳೆದು, ಅಷ್ಟೇ ಚೌಕ ಕಾಗದದ ಮೇಲೂ ಎಳೆದು, ಒಂದೊಂದೇ ಮನೆ ತುಂಬುತ್ತಾ ಹೋಗುವುದು. ಮದುವೆಗೆ, ಗೃಹಪ್ರವೇಶಕ್ಕೆ ಎಷ್ಟೋ ಜನಕ್ಕೆ ಹಾಗೆ ಬರೆದುಕೊಟ್ಟಿದ್ದೇನೆ. ಒಂದು ಜುಲೈ ತಿಂಗಳಲ್ಲಿ ಜಡಿಮಳೆ ಹಿಡಿದು ಮೂರು ದಿನ ತೋಟದ ಕೆಲಸ ನಿಂತಿತ್ತು. ಮೇಸ್ತ್ರಿ ನಮ್ಮ ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. ‘ಹಾಗೇ ಕೂತಿರಿ’ ಎಂದು ಪೆನ್ಸಿಲ್ ಹಿಡಿದೆ. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು, ಆಮೇಲೆ ಮೂಗು. ಅರ್ಧ ಗಂಟೆಯಲ್ಲಿ ಕಣ್ಣು ಮೂಗು ಬಾಯಿ ಎಲ್ಲ ಬಂದವು, ತಲೆ ಬರಲಿಲ್ಲ. ಹಣೆಯ ಮೇಲೆ ಎರಡು ಬೆರಳು ಜಾಗ ಬಿಟ್ಟು ಕೂದಲು ಮುಗಿದಿತ್ತು. ಕಣ್ಣಿನ ಗೆರೆ ಬರುವುದು ತಲೆಯ ಸರಿಯಾಗಿ ಅರ್ಧಕ್ಕೆ. ನೆತ್ತಿಯಿಂದ ಗಲ್ಲದವರೆಗೆ ಅಳೆದು ನೋಡಿದರೆ ಯಾರಿಗಾದರೂ ಗೊತ್ತಾಗುವ ವಿಷಯ. ಅಷ್ಟು ವರ್ಷ ಚೌಕ ತುಂಬಿದವನಿಗೆ ಅದು ಗೊತ್ತಿರಲಿಲ್ಲ.

ಅಲ್ಲಿಂದ ಪೆನ್ಸಿಲ್ ಬಿಟ್ಟು ಚಾರ್‌ಕೋಲ್ ಹಿಡಿದೆ. ಪೆನ್ಸಿಲ್ ತುದಿ ಚೂಪು, ಅದು ಕೈಯಲ್ಲಿದ್ದರೆ ಮನಸ್ಸು ರೆಪ್ಪೆಗೂದಲಿನ ಹಿಂದೆಯೇ ಓಡುತ್ತದೆ. ಇದ್ದಿಲ ಕಡ್ಡಿಯನ್ನು ಅಡ್ಡ ಮಲಗಿಸಿ ಎಳೆದರೆ ಎರಡು ಅಂಗುಲ ಅಗಲದ ನೆರಳು ಒಂದೇ ಏಟಿಗೆ ಬೀಳುತ್ತದೆ. ತಪ್ಪಾದರೆ ಬಟ್ಟೆಯಲ್ಲಿ ಒಂದು ಸಲ ಕೊಡವಿದರೆ ಹೋಯಿತು. ಹೀಗೆ ಬೀಳುವುದು, ಹೀಗೆ ಹೋಗುವುದು, ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ.

ಪೇಟೆಯಿಂದ ತಂದ ಕಡ್ಡಿಗಳು ಬಹಳ ದಿನ ಬರುತ್ತಿರಲಿಲ್ಲ, ಹಾಗಾಗಿ ಮನೆಯಲ್ಲೇ ಸುಡಲು ಶುರುಮಾಡಿದೆ. ಕಸಿ ಮಾಡಿದಾಗ, ಎಂದರೆ ಗಿಡದ ರೆಂಬೆ ಸವರಿದಾಗ, ಬಿದ್ದ ಕಾಫಿ ಕಡ್ಡಿ ಬೇಕಾದಷ್ಟಿತ್ತು, ಮೊದಲು ಅದನ್ನೇ ಸುಟ್ಟೆ. ಕಾಫಿ ಮರ ಗಟ್ಟಿ, ಅದರ ಇದ್ದಿಲೂ ಗಟ್ಟಿ. ಕಾಗದದ ಮೇಲೆ ಮೊಳೆಯಲ್ಲಿ ಗೀಚಿದ ಹಾಗೆ ಗೆರೆ ಬಂತು, ಒರೆಸಿದರೆ ಹೋಗಲಿಲ್ಲ. ಯುರೋಪಿನ ಕಲಾವಿದರು ಬಳಸುವುದು ವಿಲ್ಲೋ ಮರದ ಇದ್ದಿಲು. ಅದೇ ಜಾತಿಯ ಮರ ನಮ್ಮ ಕಾವೇರಿ ದಡದಲ್ಲಿಯೂ ಇದೆ, ನೀರವಂಜಿ. ಹೊಳೆ ಇಳಿದ ಮೇಲೆ ಮುರಿದುಬಿದ್ದ ಕೊಂಬೆಗಳಿಂದ ಬೆರಳು ಗಾತ್ರದ ಕಡ್ಡಿ ಆರಿಸಿ, ಸಿಪ್ಪೆ ಸುಲಿದು ಒಣಗಿಸುತ್ತೇನೆ. ಹಾಲಿನ ಪುಡಿಯ ಹಳೆಯ ತಗಡಿನ ಡಬ್ಬಿಯಲ್ಲಿ ಸಂದಿಲ್ಲದ ಹಾಗೆ ನಿಲ್ಲಿಸಿ ಜೋಡಿಸಿ, ಮುಚ್ಚಳಕ್ಕೆ ಮೊಳೆಯಿಂದ ಒಂದೇ ತೂತು ಹೊಡೆದು ಬಚ್ಚಲು ಒಲೆಯ ಕೆಂಡದಲ್ಲಿ ಹೂಳುವುದು. ಮೊದಲು ತೂತಿನಿಂದ ಬಿಳಿ ಹಬೆ ಬರುತ್ತದೆ, ಆಮೇಲೆ ಹಳದಿ ಹೊಗೆ. ಆ ಹೊಗೆಗೇ ಬೆಂಕಿ ಹತ್ತಿ ತೂತಿನ ಮೇಲೆ ಸಣ್ಣ ದೀಪದಂತೆ ಉರಿಯುತ್ತದೆ. ದೀಪ ತಾನಾಗಿ ಆರಿದಾಗ ಇದ್ದಿಲು ಆಯಿತು ಎಂದು ಲೆಕ್ಕ. ಡಬ್ಬಿಯನ್ನು ಕೂಡಲೇ ತೆರೆಯಬಾರದು. ಬಿಸಿಯಲ್ಲಿ ಗಾಳಿ ತಗುಲಿದರೆ ಒಳಗಿನ ಕಡ್ಡಿಗೆ ಕಿಡಿ ಹತ್ತಿ ಬೂದಿಯಾಗುತ್ತದೆ. ರಾತ್ರಿ ಇಟ್ಟರೆ ಬೆಳಿಗ್ಗೆ ತೆರೆಯುತ್ತೇನೆ. ಸರಿಯಾಗಿ ಸುಟ್ಟ ಕಡ್ಡಿಯನ್ನು ಒಂದಕ್ಕೊಂದು ತಟ್ಟಿದರೆ ಬಳೆಯಂಥ ಸದ್ದು ಬರುತ್ತದೆ. ಸದ್ದು ಮಂದವಾಗಿದ್ದರೆ ಇನ್ನೂ ಹಸಿ.

ಅಳಿಸಲು ಒಳ್ಳೆಯದು ನಾದಿದ ಹಿಟ್ಟಿನಂತೆ ಮೆತ್ತಗಿರುವ ನೀಡೆಡ್ ರಬ್ಬರ್. ಅದು ಇಲ್ಲದಿದ್ದರೆ ಬೇಕರಿ ಬ್ರೆಡ್ಡಿನ ಒಳಗಿನ ತಿರುಳು ಸಾಕು. ರಬ್ಬರ್ ಬರುವ ಮೊದಲು ಎಲ್ಲರೂ ಬ್ರೆಡ್ಡಿನಲ್ಲೇ ಅಳಿಸುತ್ತಿದ್ದುದು. ಬೆಣ್ಣೆ, ಎಣ್ಣೆ ಸೇರಿರಬಾರದು, ಅಷ್ಟು ನೋಡಿಕೊಂಡರಾಯಿತು.

ನನಗೆ ದಾರಿ ತೋರಿಸಿದ್ದು ಒಂದೇ ಅಭ್ಯಾಸ. ಎದುರಿಗೆ ಕೂತವರನ್ನು ಅರೆಗಣ್ಣಿನಲ್ಲಿ ನೋಡುವುದು. ಹಾಗೆ ನೋಡಿದಾಗ ಸಣ್ಣಪುಟ್ಟದ್ದೆಲ್ಲ ಮಾಯವಾಗಿ ಎರಡೇ ಉಳಿಯುತ್ತವೆ, ಬೆಳಕು ಬಿದ್ದ ಭಾಗ, ಬೀಳದ ಭಾಗ. ಎರಡನೆಯ ಮಳೆಗಾಲದಲ್ಲಿ ಮೇಸ್ತ್ರಿಯನ್ನು ಮತ್ತೆ ಕೂರಿಸಿದೆ. ಎಡಗಡೆ ಕಿಟಕಿ. ಕೂದಲಿನ ಕೆಳಗಿನ ನೆರಳು, ಕಣ್ಣಿನ ಗುಳಿ, ಮೂಗಿನ ಒಂದು ಪಕ್ಕ, ಮೀಸೆ, ಕೆಳದುಟಿಯ ಅಡಿ, ಗಲ್ಲದ ಕೆಳಗೆ ಕತ್ತು ಎಲ್ಲವನ್ನೂ ನಡುವೆ ಎಲ್ಲಿಯೂ ಕಡಿಯದೆ ಒಂದೇ ಆಕಾರವಾಗಿ ತುಂಬಿದೆ. ಕಣ್ಣು ಬರೆಯಲಿಲ್ಲ. ಅಷ್ಟರಲ್ಲಿ ಅವರ ಹೆಂಡತಿ ಕೊಡೆ ಮಡಚುತ್ತಾ ಬಂದವರು ಜಗಲಿಯ ಆ ತುದಿಯಿಂದಲೇ ಕಾಗದ ನೋಡಿ, ‘ಇವರು ಯಾಕೆ ಸಿಟ್ಟಲ್ಲಿದ್ದಾರೆ?’ ಎಂದರು. ಕಣ್ಣಿಲ್ಲ, ಬಾಯಿಯ ಗೆರೆಯಿಲ್ಲ, ಆದರೂ ಗಂಡನ ಗುರುತು ಹತ್ತಿತ್ತು, ಸಿಟ್ಟೂ ಗೊತ್ತಾಗಿತ್ತು. ಮನುಷ್ಯನ ಹೋಲಿಕೆ ಇರುವುದು ನೆರಳಿನ ಆಕಾರದಲ್ಲಿ, ರೆಪ್ಪೆಯಲ್ಲಲ್ಲ ಎಂದು ಅವತ್ತು ನಂಬಿದೆ. ಈಗಲೂ ಮೊದಲ ಇಪ್ಪತ್ತು ನಿಮಿಷ ಕಣ್ಣಿಗೆ ಕೈ ಹಾಕುವುದಿಲ್ಲ.

ಕೂರಿಸುವ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಹಾಜರಿ ಹಾಕುವವನು ‘ಬಂದು ಕೂತುಕೊಳ್ಳಿ’ ಎಂದರೆ ಬೇಡ ಎನ್ನುವುದು ಆಳುಗಳಿಗೆ ಕಷ್ಟ. ಅದಕ್ಕೇ ನಾನು ನೇರವಾಗಿ ಕೇಳುವುದಿಲ್ಲ, ಮೇಸ್ತ್ರಿಯ ಹೆಂಡತಿ ವಿಚಾರಿಸುತ್ತಾರೆ. ರಜೆಯ ದಿನವೇ ಕೂರಿಸುವುದು. ಕೂತಷ್ಟು ಗಂಟೆಯ ಕೂಲಿ ನನ್ನ ಕೈಯಿಂದ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಓಡಾಡಲು ಬಿಡಬೇಕು. ಏಳುವ ಮೊದಲು ಕಾಲಿಟ್ಟ ಜಾಗಕ್ಕೆ, ಕುರ್ಚಿಯ ಕಾಲುಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇನೆ.

ಇಡೀ ದೇಹದ ಅಭ್ಯಾಸಕ್ಕೆ ಯಾರನ್ನೂ ಕೂರಿಸಬೇಕಿಲ್ಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ರೋಬಸ್ಟಾ ಕುಯ್ಲು. ಸಂಜೆ ಕುಯ್ದ ಹಣ್ಣಿನ ಚೀಲ ಹೊತ್ತು ಎಲ್ಲರೂ ತೂಕಕ್ಕೆ ಬರುತ್ತಾರೆ. ತೂಕ ಬರೆಯುವುದು ನನ್ನದೇ ಕೆಲಸ, ಆದ್ದರಿಂದ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಸಿಗುವ ಅರ್ಧ ನಿಮಿಷವೇ ನನ್ನ ಪಾಲು. ಜೇಬಿನಲ್ಲಿ ಸಣ್ಣ ಪುಸ್ತಕ, ಒಂದು ಕಡ್ಡಿ. ಮೊದಮೊದಲು ಬರೆದವರೆಲ್ಲ ಬೀಳುತ್ತಿರುವ ಹಾಗೆ ಕಾಣುತ್ತಿದ್ದರು. ಗಾರೆಯವರ ತೂಗುಗುಂಡು ನೋಡಿ ದಾರಿ ಹೊಳೆಯಿತು. ದಾರಕ್ಕೆ ಸಣ್ಣ ಕಲ್ಲು ಕಟ್ಟಿ ಕಣ್ಣ ಮುಂದೆ ಇಳಿಬಿಟ್ಟರೆ ಯಾವುದರ ಕೆಳಗೆ ಯಾವುದಿದೆ ಎಂದು ಸ್ಪಷ್ಟವಾಗುತ್ತದೆ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತವರ ಕತ್ತಿನ ಗುಳಿಯಿಂದ ದಾರ ಬಿಟ್ಟರೆ ಅದು ಆ ಕಾಲಿನ ಹರಡಿನ ಹತ್ತಿರ ಬಂದು ನಿಲ್ಲುತ್ತದೆ. ಆ ಕಡೆಯ ಸೊಂಟ ಮೇಲೆ, ಅದೇ ಕಡೆಯ ಭುಜ ಕೆಳಗೆ. ಚೀಲ ಹೊತ್ತವರಲ್ಲಿ ಲೆಕ್ಕ ಬೇರೆ. ಬೆನ್ನ ಮೇಲಿನ ಭಾರವೂ ಸೇರಿ ಪಾದದ ಮೇಲೆ ಸಮನಾಗಬೇಕು, ಅದಕ್ಕೇ ಅವರು ಅಷ್ಟು ಮುಂದಕ್ಕೆ ಬಾಗುತ್ತಾರೆ. ಬಾಗು ಕಡಿಮೆ ಮಾಡಿದರೆ ಚೀಲದಲ್ಲಿ ಹತ್ತಿ ತುಂಬಿದ ಹಾಗೆ ಕಾಣುತ್ತದೆ.

ನಮ್ಮ ಹೆಂಗಸರು ಕೆಲಸಕ್ಕೆ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕುತ್ತಾರೆ, ತಲೆಗೆ ಬಟ್ಟೆ ಕಟ್ಟುತ್ತಾರೆ. ದೇಹದ ಅಭ್ಯಾಸಕ್ಕೆ ಇಷ್ಟು ಬಟ್ಟೆ ಅಡ್ಡಿಯಲ್ಲವೇ ಎಂದು ಕೇಳಿದವರಿದ್ದಾರೆ. ನನಗೆ ಅಡ್ಡಿಯಾಗಿಲ್ಲ. ಮಡಿಕೆ ಹುಟ್ಟುವುದು ಬಟ್ಟೆ ಬಿಗಿಯುವ ಜಾಗದಿಂದ, ಭುಜದ ತುದಿ, ಮೊಣಕೈ, ಸೊಂಟದ ಕಟ್ಟು. ಆ ಮೂರು ಜಾಗ ಸರಿಯಾಗಿ ಹಿಡಿದರೆ ಒಳಗಿನ ದೇಹ ತಾನೇ ಬರುತ್ತದೆ.

ಎಣ್ಣೆಬಣ್ಣಕ್ಕೆ ನಾನು ಬಂದದ್ದು ನಾಲ್ಕನೆಯ ವರ್ಷ. ಬಂದದ್ದೇ ತಪ್ಪು ತಿಂಗಳಲ್ಲಿ, ಜೂನ್‌ನಲ್ಲಿ. ಎಣ್ಣೆಬಣ್ಣ ನೀರು ಆರಿದಂತೆ ಆರುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಬೆಳಕು, ಬೆಚ್ಚಗಿನ ಗಾಳಿ ಇದ್ದರೆ ಬೇಗ, ನಮ್ಮ ಮಳೆಗಾಲದ ಕತ್ತಲೆ, ಥಂಡಿಯಲ್ಲಿ ಬಹಳ ನಿಧಾನ. ಹತ್ತು ದಿನವಾದರೂ ಬೆರಳಿಗೆ ಅಂಟುತ್ತಿತ್ತು. ಕಾಳುಮೆಣಸು ಒಣಗದಿದ್ದರೆ ಅಟ್ಟಕ್ಕೆ ಹಾಕುತ್ತೇವಲ್ಲ, ಹಾಗೆಯೇ ಕ್ಯಾನ್ವಾಸನ್ನು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ನಾಲ್ಕು ದಿನ ಬಿಟ್ಟು ಇಳಿಸಿದರೆ ಅಂಟು ಬಣ್ಣದ ಮೇಲೆಲ್ಲ ಮಸಿ ಕೂತು, ಒರೆಸಲು ಹೋದಾಗ ಮೂಗು ಕೆನ್ನೆಗೆ ಬಂತು. ಇನ್ನೊಂದು ಕ್ಯಾನ್ವಾಸಿನ ಹಿಂಭಾಗಕ್ಕೆ ಬೂಷ್ಟು ಹಿಡಿಯಿತು. ಎರಡೂ ಹೋದವು. ಆ ವರ್ಷದಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದ್ದಿಲು, ಕಾವೇರಿ ಸಂಕ್ರಮಣ ಕಳೆದ ಮೇಲೆ ಎಣ್ಣೆ ಎಂದು ಗೊತ್ತುಮಾಡಿಕೊಂಡೆ. ಮಳೆಗಾಲದಲ್ಲಿ ಕಾಗದವೂ ಮೆತ್ತಗಾಗಿ ಇದ್ದಿಲು ಹಿಡಿಯುವುದಿಲ್ಲ, ಅದಕ್ಕೆ ಪ್ಲೈವುಡ್ ಪೆಟ್ಟಿಗೆಯಲ್ಲಿ 15 ವ್ಯಾಟ್‌ನ ಬಲ್ಬ್ ಉರಿಸಿ, ಅದಕ್ಕೆ ತಾಗದಂತೆ ಕಾಗದ ಇಡುತ್ತೇನೆ. ಇದ್ದಿಲು ಉದುರದಂತೆ ಚಿತ್ರದ ಮೇಲೆ ಹೊಡೆಯುವ ಫಿಕ್ಸೆಟಿವನ್ನು ಮಳೆಯ ದಿನ ಹೊಡೆಯಬಾರದು, ಬೆಳ್ಳಗೆ ಮಂಜು ಕವಿದಂತಾಗುತ್ತದೆ.

ಎಣ್ಣೆ ಒರೆಸಿದ ಬಟ್ಟೆಯ ಬಗ್ಗೆ ಹೊಸಬರಿಗೆ ಎಷ್ಟು ಸಲ ಹೇಳಿದರೂ ಕಡಿಮೆ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಒದ್ದೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಳಗೆ ಶಾಖ ಕೂಡಿ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ನಾನು ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚುತ್ತೇನೆ.

ಎಣ್ಣೆಯಲ್ಲಿ ನನಗೆ ನಿಜವಾದ ಪಾಠ ಹೇಳಿದ್ದು ತೋಟದ ಆಳುಗಳಿರುವ ಲೈನ್ ಮನೆಯ ಒಬ್ಬರು ಅಜ್ಜಿ. ತೋಟದಲ್ಲಿ ದುಡಿದು ಈಗ ಮೊಮ್ಮಕ್ಕಳನ್ನು ನೋಡಿಕೊಂಡಿರುವವರು. ಕಪ್ಪು ಮೈಬಣ್ಣ, ಎತ್ತರದ ಕೆನ್ನೆಮೂಳೆ. ಸುಣ್ಣ ಬಳಿದ ಗೋಡೆಯ ಮುಂದೆ ಕೂರಿಸಿದೆ. ಬಿಳಿಗೋಡೆಯ ಪಕ್ಕ ಮುಖ ಇನ್ನೂ ಕಪ್ಪಾಗಿ ಕಂಡಿತು, ತಿದ್ದಲು ಹೋಗಿ ಬೆಳಕಿನ ಭಾಗಕ್ಕೆಲ್ಲ ಬಿಳಿ ಬೆರೆಸಿದೆ. ಮೂರನೆಯ ವಾರ ಅಜ್ಜಿ ಎದ್ದು ಬಂದು ನೋಡಿ, ‘ನನ್ನ ಮುಖಕ್ಕೆ ಯಾಕೆ ರೈಟ್ರೆ ಪೌಡರ್ ಹಾಕಿದಿರಿ? ನಾನು ಹೀಗಿಲ್ಲ’ ಎಂದರು. ಬೇಸರದಿಂದಲೇ ಹೇಳಿದರು, ಆ ಬೇಸರ ನ್ಯಾಯವಾದದ್ದು.

ಆ ಚಿತ್ರ ಕೆರೆದು ತೆಗೆದೆ. ಬಸ್ಸು ಹತ್ತಿ ಮೈಸೂರಿಗೆ ಹೋಗಿ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ರವಿವರ್ಮರ ಕ್ಯಾನ್ವಾಸುಗಳ ಮುಂದೆ ಒಂದು ಇಡೀ ದಿನ ನಿಂತೆ. ಎಣ್ಣೆಬಣ್ಣದ ಮೇಲ್ಮೈ ಮುದ್ರಿತ ಚಿತ್ರದಲ್ಲಿ ಎಂದೂ ಕಾಣುವುದಿಲ್ಲ. ಅಲ್ಲೇ ಕಲಾವಿದ ಹಲ್ದಣಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರವೂ ಇದೆ. ಎಣ್ಣೆ ಎಂದೇ ತಿಳಿದಿದ್ದೆ, ಅದು ಜಲವರ್ಣ. ಕೊಡಗಿನ ಮುಖವೊಂದನ್ನು ಎಣ್ಣೆಯಲ್ಲಿ ನೋಡಬೇಕೆಂದರೆ ನಮಗೆ ದೂರದ ದಾರಿ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನನ್ನು 1852ರಲ್ಲಿ ಜರ್ಮನ್ ಕಲಾವಿದ ವಿಂಟರ್‌ಹಾಲ್ಟರ್ ಬರೆದ ಚಿತ್ರ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ಕಾಫಿ ಕೊಯ್ಯುವವರ ಮುಖ ಯಾರೂ ಬರೆಯದಿದ್ದರೆ ನಾವೇ ಬರೆಯಬೇಕು.

ಎರಡನೆಯ ಸಲ ಅಜ್ಜಿಯನ್ನು ಹಳೆಯ ಕಂದು ಕಂಬಳಿಯ ಮುಂದೆ ಕೂರಿಸಿದೆ. ಬಿಳಿ ಕ್ಯಾನ್ವಾಸಿನ ಮೇಲೆ ಮೊದಲೇ ರಾ ಅಂಬರ್ ಎಂಬ ಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಬಳಿದು ಒಣಗಿಸಿದ್ದೆ, ಅದು ಬೇಗ ಒಣಗುವ ಬಣ್ಣ. ಸ್ವೀಡನ್ನಿನ ಕಲಾವಿದ ಜೋರ್ನ್ ಹೆಸರಿನಲ್ಲಿ ಹೇಳುವ ನಾಲ್ಕೇ ಬಣ್ಣದ ಪ್ಯಾಲೆಟ್ ಹಿಡಿದೆ: ಹಳದಿ ಓಕರ್, ಕೆಂಪು, ಐವರಿ ಬ್ಲ್ಯಾಕ್, ಬಿಳಿ. ಕಪ್ಪಿಗೆ ಓಕರ್ ಸೇರಿಸಿದರೆ ಎಲೆಹಸಿರಿನ ಒಂದು ಮಂದ ಛಾಯೆ ಬರುತ್ತದೆ, ಅದೇ ಅಜ್ಜಿಯ ದವಡೆಯ ಪಕ್ಕದ ಬಣ್ಣ. ನೆರಳಿಗೆ ಕಪ್ಪು ಮತ್ತು ಕೆಂಪು, ತೆಳ್ಳಗೆ, ಬಿಳಿಯ ಸೋಂಕಿಲ್ಲದೆ. ಬೆಳಕಿನ ಭಾಗವನ್ನು ಏರಿಸಿದ್ದು ಓಕರ್ ಮತ್ತು ಕೆಂಪಿನಿಂದ, ಬಿಳಿಯಿಂದಲ್ಲ. ಬಿಳಿ ಬಂದದ್ದು ಕೊನೆಗೆ, ಹಣೆ, ಕೆನ್ನೆಮೂಳೆ, ಮೂಗಿನ ತುದಿಯಲ್ಲಿ. ಕಿಟಕಿಯಿಂದ ಬರುವ ಆಕಾಶದ ಬೆಳಕು ತಂಪು, ಕಪ್ಪು ಮೈಯ ಮೇಲೆ ಅದು ನೀಲಿಯಾಗಿಯೇ ಹೊಳೆಯುತ್ತದೆ. ಬಿಳಿಗೆ ಚೂರು ಕಪ್ಪು ಬೆರೆಸಿದಾಗ ಪಕ್ಕದ ಕೆಂಪು ಕಂದಿನ ಎದುರು ಆ ಬೂದು ನೀಲಿಯಂತೆಯೇ ಕಂಡಿತು. ಮೂರು ಕಡೆ ಮೂರು ಚುಕ್ಕೆ ಇಟ್ಟು ಕುಂಚ ಕೆಳಗಿಟ್ಟೆ.

ಒಂಬತ್ತು ಭಾನುವಾರ ಹಿಡಿಯಿತು. ಅಜ್ಜಿ ಬಹಳ ಹೊತ್ತು ನೋಡಿದರು. ‘ಕಿವಿಯ ತೂತು ದೊಡ್ಡದಿದೆ, ಓಲೆ ಅಡವಿಟ್ಟ ಮೇಲೆ ಹೀಗೇ ಆಗಿದ್ದು, ಸರಿಯಾಗಿ ಬರೆದಿದ್ದೀರಿ’ ಎಂದರು. ಆರು ತಿಂಗಳು ಒಣಗಲು ಬಿಟ್ಟು ಚಿತ್ರವನ್ನು ಅವರಿಗೇ ಕೊಟ್ಟೆ. ಒಲೆಯ ಕಡೆ ತೂಗುಹಾಕಬೇಡಿ ಎಂದು ಹೇಳಿ, ಬಾಗಿಲ ಬಲಗಡೆಯ ಗೋಡೆಗೆ ನಾನೇ ಮೊಳೆ ಹೊಡೆದುಕೊಟ್ಟೆ.

ಈಗ ಕೈಗಳನ್ನು ಬರೆಯುತ್ತಿದ್ದೇನೆ. ಕಾಫಿ ಕುಯ್ಯುವಾಗ ಹೆಬ್ಬೆರಳು ಹಣ್ಣನ್ನು ಹೊರಳಿಸುವುದೋ ಎಳೆಯುವುದೋ ಎಂದು ಇಡೀ ಕುಯ್ಲಿನಲ್ಲಿ ನೋಡಿದ್ದೇನೆ, ಇನ್ನೂ ಒಂದು ಗೆರೆಯಲ್ಲಿ ಹಿಡಿಯಲು ಬಂದಿಲ್ಲ. ನೀರವಂಜಿಯ ಇದ್ದಿಲು ಎರಡು ಡಬ್ಬಿ ಸುಟ್ಟಿಟ್ಟಿದ್ದೇನೆ. ಮಳೆ ಹಿಡಿದ ಮೇಲೆ ಮೇಸ್ತ್ರಿಯ ಹೆಂಡತಿ ಕೂರುತ್ತೇನೆ ಎಂದಿದ್ದಾರೆ, ಒಂದು ಮೊರ ಕಾಫಿ ಬೀಜ ಆರಿಸುತ್ತಾ.