ಮಡಚುವ ಚಾಕು ಜೇಬಿನಲ್ಲಿ ಬೇಡ, ಗಾಡಿ ಕೀಯಲ್ಲಿ ಇರಲಿ
ಸಣ್ಣ ಮಡಚುವ ಚಾಕು ಇಟ್ಟುಕೊಂಡು ಓಡಾಡುವವರು ಅದನ್ನು ಸ್ಕೂಟರ್ ಕೀಗೆ ನೇತುಹಾಕಿ. ನೇರವಾಗಿ ಉಂಗುರಕ್ಕೆ ಬೇಡ, ನಡುವೆ ಒತ್ತಿದರೆ ಬಿಚ್ಚಿಕೊಳ್ಳುವ ಸಣ್ಣ ಕೊಕ್ಕೆ ಇರಲಿ. ಮಾಲಿನಲ್ಲೋ ಕೋರ್ಟಿನ ಹತ್ತಿರವೋ ಗಾಡಿ ನಿಲ್ಲಿಸಿ ಡಿಕ್ಕಿ ತೆಗೆದಾಗ ಚಾಕು ಕೈಯಲ್ಲೇ ಇರುತ್ತದೆ. ಕಳಚಿ ಒಳಗೆ ಹಾಕಿ, ಅಷ್ಟೇ. ಜೇಬಿನಲ್ಲಿದ್ದರೆ ನೆನಪಾಗುವುದು ಸ್ಕ್ಯಾನರ್ ಎದುರು ನಿಂತಾಗಲೇ ಅಲ್ವಾ? ಅಷ್ಟು ಹೊತ್ತಿಗೆ ಗಾಡಿ ದೂರ, ಹಿಂದೆ ಕ್ಯೂ ಬೇರೆ. ನಮ್ಮ ಮೆಟ್ರೋದಲ್ಲಿ ಹೊರಟ ದಿನ ಈ ಉಪಾಯ ನಡೆಯುವುದಿಲ್ಲ. ಸ್ಟೇಷನ್ ಬಾಗಿಲಲ್ಲೇ ಬ್ಯಾಗ್ ಸ್ಕ್ಯಾನ್ ಮಾಡುತ್ತಾರೆ, ಸುಮ್ನೆ ಮನೆಯಲ್ಲೇ ಬಿಟ್ಟು ಹೋಗಿ. ಏರ್‌ಪೋರ್ಟ್ ಲೆಕ್ಕವೂ ಬೇರೆ. ಚೆಕ್-ಇನ್ ಸೂಟ್‌ಕೇಸಿನಲ್ಲಿ ಚಾಕು ಹಾಕಬಹುದು, ಕ್ಯಾಬಿನ್ ಬ್ಯಾಗಿನಲ್ಲಿ ಬಿಡುವುದಿಲ್ಲ. ಹಾಗಾಗಿ ಮನೆಯಿಂದ ಹೊರಡುವಾಗಲೇ ಸಾಕ್ಸಿನಲ್ಲಿ ಸುತ್ತಿ ಸೂಟ್‌ಕೇಸಿಗೆ ಸೇರಿಸಿ. ಕೌಂಟರಿನಲ್ಲಿ ಸೂಟ್‌ಕೇಸ್ ಕೊಟ್ಟ ಮೇಲೆ ನೆನಪಾದರೆ ಮುಗೀತು, ಚಾಕು ಸೆಕ್ಯೂರಿಟಿಯವರ ಡಬ್ಬಿಗೆ. ಬರೀ ಕೈಚೀಲದಲ್ಲಿ ಹೋಗಿಬರುವುದಾದರೆ ಒಯ್ಯಲೇಬೇಡಿ. ನಾನಂತೂ ಮರೆಯುವುದು ವಾಪಸ್ ಬರುವ ದಿನವೇ ಜಾಸ್ತಿ; ಅದಕ್ಕೇ ಅಲ್ಲಿ ಬ್ಯಾಗ್ ಕಟ್ಟುವಾಗ ಕೀ ಗೊಂಚಲನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತೇನೆ.